ಎಲ್ಲರಿಗೂ ಅನುಕೂಲವಾಗಲಿದೆ

ನಮ್ಮೂರಿನಲ್ಲಿ ಸೈಕಲ್ ರಿಕ್ಷಾದವರು ಸವಾರಿ ಹತ್ತಿಸಿಕೊಳ್ಳುವ ಮುಂಚೆ ಪತ್ರಿಕೆ ಓದುತ್ತಾರೆ. ಓದಲು ಬಾರದವರು ಓದಿಸಿ ಕೇಳುತ್ತಾರೆ. ಬುಧವಾರ ಮತ್ತು ಶನಿವಾರ ಬೆಳಿಗ್ಗೆ ಕೇಶವಯ್ಯನವರ ಪತ್ರಿಕೆ ಅಚ್ಚಾಗಿ ಹೊರಗೆ ಬಂತೆಂದರೆ ಊರಿನಲ್ಲಿ ಯಾರೋ ಒಂದಿಷ್ಟು ಹಗುರಾಗಿರುತ್ತಾರೆ, ಇನ್ಯಾರೋ ಅಷ್ಟೇ ಭಾರವಾಗಿರುತ್ತಾರೆ. ಇಂಥವರಿಗೆ ಅನುಕೂಲವಾಗಲಿದೆ ಎಂದು ಅದರಲ್ಲಿ ಬಂದರೆ ಸಾಕು, ಅವರ ಮೈಯಿಂದ ಇಳಿದ ತೂಕ ಹೊಸ್ತಿಲು ದಾಟಿ ಹೋಗಿ ಮತ್ತೊಬ್ಬರ ಮೈಮೇಲೆ ಕೂರುತ್ತದೆ. ನಾವು ಹುಟ್ಟಿದಾಗಿನಿಂದ ಕಂಡದ್ದು ಹೀಗೆಯೇ. ಆದ್ದರಿಂದ ನಮ್ಮಲ್ಲಿ ಬುಧವಾರ, ಶನಿವಾರ ಕುಸ್ತಿ ಕಟ್ಟುವುದಿಲ್ಲ, ಹಳೆ ಮಂಚಕ್ಕೆ ನವಾರು ಬಿಗಿಯದೆ ಮಲಗುವುದಿಲ್ಲ, ಮರ ಹತ್ತುವವರು ಪಕ್ಕದ ಮನೆಯವರನ್ನು ಒಂದು ಮಾತು ಕೇಳಿಯೇ ಹತ್ತುತ್ತಾರೆ.

ನಾನು ಆ ಪತ್ರಿಕೆಯ ತೂಕದವಳು. ಹೆಸರು ಸಾಕಮ್ಮ. ಮೊದಲು ಸೌದೆ ಡಿಪೋದಲ್ಲಿ ಕಟ್ಟಿಗೆ ತೂಗುತ್ತಿದ್ದೆ. ಕಣ್ಣಳತೆ ಚೆನ್ನಾಗಿದೆ ಎಂದು ಕೇಶವಯ್ಯನವರ ತಂದೆ ಕರೆದು ಕೆಲಸ ಕೊಟ್ಟರು. ತಳ್ಳುಗಾಡಿಯ ಮೇಲೆ ಹಲಗೆ ತಕ್ಕಡಿ ಇಟ್ಟುಕೊಂಡು ಓಣಿ ಓಣಿ ಸುತ್ತುವುದು, ಅನುಕೂಲದ ಸುದ್ದಿ ಬಂದ ಮೇಲೆ ಭಾರ ಯಾರ ಮೇಲೆ ಬಿತ್ತೆಂದು ಹುಡುಕುವುದು, ಹೆಸರು ತಂದು ಕೊಡುವುದು. ಅಷ್ಟೇ ಕೆಲಸ. ಹೊಸ ಬಸ್ ನಿಲ್ದಾಣದಿಂದ ಮೇಲಿನ ಕೇರಿಯ ನಲವತ್ತು ಮನೆಗಳಿಗೆ ಅನುಕೂಲವಾಗಲಿದೆ ಎಂದು ಬಂದ ದಿನ, ಹಳೆ ನಿಲ್ದಾಣದ ಮುಂದೆ ಕಡಲೆಪುರಿ ಮಾರುವ ಮುನಿಸ್ವಾಮಿಯ ಸ್ಟೂಲು ಮುರಿದ ಸದ್ದು ಕೇಳಿಯೇ ನನಗೆ ವಿಷಯ ತಿಳಿದಿತ್ತು. ಅವನ ಹೆಸರು ಶನಿವಾರದ ಪತ್ರಿಕೆಯಲ್ಲಿ ಬಂತು. ನಲವತ್ತು ಮನೆಯವರೂ ಬಂದು ಅವನ ಅಂಗೈ ಕೆಳಗೆ ತಮ್ಮ ಅಂಗೈ ಆನಿಸಿ, ಇಷ್ಟಿಷ್ಟು ವಾಪಸ್ಸು ತೆಗೆದುಕೊಂಡು ಹೋದರು. ಅದಕ್ಕೆ ನಾವು ಕೈಯಾನಿಸುವುದು ಎನ್ನುತ್ತೇವೆ. ಬರಲೇಬೇಕೆಂಬ ಕಾನೂನಿಲ್ಲ. ಆದರೆ ಭಾರ ಹೊತ್ತವರ ಹೆಸರು ಅಚ್ಚಿನಲ್ಲಿ ಕಂಡ ಮೇಲೆ ಬಾರದೆ ಇರುವುದು ಕಷ್ಟ. ಹೆಸರಿಲ್ಲದಿದ್ದರೆ ಮಾತ್ರ ಏನೂ ನಡೆಯುವುದಿಲ್ಲ. ಒಮ್ಮೆ ಮರ್ಯಾದೆಗೆ ಅಂಜಿ 'ಕೆಳಗಿನ ಓಣಿಯ ಒಬ್ಬ ಬಡ ಹೆಂಗಸು' ಎಂದಷ್ಟೇ ಹಾಕಿದ್ದರು. ಊರವರು ಬಂದು ಸಂಜೆವರೆಗೆ ಕೈಯಾನಿಸಿದರೂ ಒಂದು ಗುಲಗಂಜಿಯಷ್ಟು ತೂಕ ಅತ್ತಿಂದಿತ್ತ ಆಗಲಿಲ್ಲ.

ಅನುಕೂಲದ ಆ ಮಾತು ಸುದ್ದಿಯ ಕೊನೆಯಲ್ಲಿ ಬರುತ್ತದೆ, ಊಟದ ಕೊನೆಯಲ್ಲಿ ಮಜ್ಜಿಗೆ ಬರುವ ಹಾಗೆ. ಎಷ್ಟೋ ಸಲ ಬರೆಯುವವರಿಗೂ ಅದು ಬರೆದದ್ದರ ನೆನಪಿರುವುದಿಲ್ಲ. ಸೇತುವೆ ಆಯಿತು, ದೀಪ ಬಂತು, ಕಚೇರಿ ಬದಲಾಯಿತು, ಆಮೇಲೆ ಏನು ಬರೆಯಬೇಕೆಂದು ತೋಚದಿದ್ದರೆ 'ಇದರಿಂದ ಅನುಕೂಲವಾಗಲಿದೆ.' ಬೇರೆ ಊರಿನ ಪತ್ರಿಕೆಗಳಲ್ಲಿ ಸಾರ್ವಜನಿಕರಿಗೆ ಅನುಕೂಲ, ಸಮಸ್ತ ನಾಗರಿಕರಿಗೆ ಅನುಕೂಲ ಎಂದು ಧಾರಾಳವಾಗಿ ಬರೆಯುತ್ತಾರಂತೆ. ಅಲ್ಲಿ ತಕ್ಕಡಿ ಇಲ್ಲ, ಬರೆಯಬಹುದು. ಕೇಶವಯ್ಯನವರ ತಂದೆ ಸಾಯುವ ಮುಂಚೆ ಮಗನಿಗೆ ಹೇಳಿದ್ದು ಒಂದೇ ಮಾತು: "ಎಣಿಸಿ ಬರಿ. ಯಾರಿಗೆ, ಎಷ್ಟು ಮನೆಗೆ ಅಂತ ಎಣಿಸೋಕಾಗದೆ ಇದ್ರೆ ಆ ಮಾತು ಬರೀಬೇಡ."

ಗುಡ್ಡದ ಬುಡದಲ್ಲಿ ಒಂದು ಕಲ್ಲುಬಾವಿ ಇತ್ತು. ಹಿರಿಯರು ಚಪ್ಪಡಿ ಹಾಸಿ ಮುಚ್ಚಿಟ್ಟದ್ದು. ಎಷ್ಟೇ ಬೇಸಿಗೆ ಬಂದರೂ ಯಾರೂ ಅದರ ತಂಟೆಗೆ ಹೋಗುತ್ತಿರಲಿಲ್ಲ. ಮುಂದೆ ಬರುವವರಿಗೆ ಇರಲಿ ಎಂದು ಮುಚ್ಚಿಟ್ಟಿದ್ದಾರೆ ಎಂಬುದು ಮಕ್ಕಳಿಗೂ ಗೊತ್ತಿತ್ತು. ಆ ವರ್ಷ ಪುರಸಭೆಯವರು ಚಪ್ಪಡಿ ಎತ್ತಿಸಿ ಪಂಪು ಕೂರಿಸಿದರು. ಹಗಲೂ ರಾತ್ರಿ ಮನೆ ಮನೆಗೆ ನೀರು. ಹೆಂಗಸರು ಕೊಡಗಳನ್ನು ಮಗುಚಿ ಹಾಕಿ ಅದರ ಮೇಲೆ ಕೂತು ಹರಟಿದರು. ಬುಧವಾರ ಕೇಶವಯ್ಯನವರು ಮೊದಲ ಪುಟದಲ್ಲಿ ಬರೆದರು: 'ಇದರಿಂದ ಊರಿನ ಎಲ್ಲರಿಗೂ ಅನುಕೂಲವಾಗಲಿದೆ.'

ನಾನು ಪತ್ರಿಕೆ ಹಿಡಿದುಕೊಂಡೇ ಅವರ ಮುಂದೆ ಹೋಗಿ ನಿಂತೆ.

"ಯಜಮಾನ್ರೇ, ಏನು ಬರೆದುಬಿಟ್ರಿ?"

"ನಿಜಾನೇ ಬರ್ದಿದೀನಿ. ನೀರು ಯಾರ ಮನೆಗೆ ಬರಲಿಲ್ಲ ಹೇಳು? ಪುರಸಭೆ ಅಧ್ಯಕ್ಷರ ಮನೆಗೂ ಬಂತು, ನಿನ್ನ ಮನೆಗೂ ಬಂತು."

"ಎಲ್ರಿಗೂ ಅಂದ್ರೆ ಭಾರ ಯಾರ ಮೇಲೆ ಬೀಳ್ಬೇಕು?"

ಕೇಶವಯ್ಯನವರು ನಕ್ಕರು. ಕೆಟ್ಟ ಮನುಷ್ಯರಲ್ಲ ಅವರು. ತಿಂಗಳುಗಟ್ಟಲೆ ಯೋಚಿಸಿದ್ದರೆಂದು ಆ ನಗುವಿನಲ್ಲೇ ಗೊತ್ತಾಗುತ್ತಿತ್ತು. "ಅದೇ ಸಾಕಮ್ಮ ಅದರ ಗುಟ್ಟು. ಯಾರನ್ನೂ ಬಿಡದೆ ಬರೆದ್ರೆ ಬೀಳೋಕೆ ಜಾಗಾನೇ ಇರಲ್ಲ. ಅಪ್ಪ ಹೆದರ್ಕೊಂಡು ಬದುಕಿದ್ರು. ಹೋಗು, ತೂಗಿ ನೋಡು. ಭಾರ ಆದವರು ಒಬ್ಬರು ಸಿಕ್ಕಿದ್ರೂ ನನ್ನ ಕಿವಿ ಹಿಂಡು."

ತೂಗಿದೆ. ಸಾವಿರದ ಇನ್ನೂರು ತಲೆ ನಮ್ಮೂರು. ಎಲ್ಲರೂ ಹಗುರಾಗಿದ್ದರು. ತಲೆಗೆ ಐವತ್ತು ಗ್ರಾಂ, ಒಂದು ಕೋಳಿಮೊಟ್ಟೆಯಷ್ಟು. ಮುದುಕರು ಹಗುರ, ಭಿಕ್ಷುಕರು ಹಗುರ, ಆಸ್ಪತ್ರೆಯಲ್ಲಿ ಮಲಗಿದ್ದವರು ಹಗುರ, ಪಂಪು ಕೂರಿಸಲು ಪರವೂರಿನಿಂದ ಬಂದು ಛತ್ರದಲ್ಲಿ ಉಳಿದಿದ್ದ ಇಬ್ಬರೂ ಹಗುರ. ನಾನೂ ತಕ್ಕಡಿ ಹತ್ತಿದೆ, ನಾನೂ ಹಗುರ. ಜನ ನನ್ನನ್ನು ಕಂಡು ನಗತೊಡಗಿದರು. "ಸಾಕಮ್ಮಂಗೆ ಕೆಲ್ಸ ಹೋಯ್ತು ಕಣ್ರಪ್ಪಾ," ಎಂದು ಕುಂಬಾರ ಓಣಿಯ ತಿಮ್ಮಾಜಮ್ಮ ಬಾಗಿಲಲ್ಲಿ ನಿಂತು ಕೂಗಿದಳು. "ತಕ್ಕಡೀಲಿ ಇನ್ಮೇಲೆ ಈರುಳ್ಳಿ ಮಾರ್ಬೋದು!"

ನಾನೂ ನಕ್ಕೆ. ಆದರೆ ಮೂವತ್ತು ವರ್ಷ ತೂಗಿದ ಕೈ ಇದು. ತೂಕ ಎನ್ನುವುದು ಇಳಿದರೆ ಎಲ್ಲೋ ಏರಬೇಕು, ಆವಿಯಾಗಿ ಹೋಗುವ ಪದಾರ್ಥ ಅಲ್ಲ. ತಲೆಗೊಂದು ಮೊಟ್ಟೆ ಎಂದರೆ ಊರಿಗೆ ಅರವತ್ತು ಕಿಲೋ. ಅರವತ್ತು ಕಿಲೋ ಎಲ್ಲಿ ಹೋಯಿತು? ಸ್ಮಶಾನದ ಕಾವಲುಗಾರನನ್ನು ತೂಗಿದೆ. ಜೈಲಿನಲ್ಲಿದ್ದ ಒಬ್ಬನೇ ಕಳ್ಳನನ್ನು ತೂಗಿದೆ. ದೋಣಿಯಲ್ಲಿ ಬಂದು ಹೋಗುವ ಬಳೆಗಾರನನ್ನು ದಡದಲ್ಲೇ ನಿಲ್ಲಿಸಿ ತೂಗಿದೆ. ಒಂದು ವಾರ ಕಳೆಯಿತು. ಒಂಬತ್ತು ದಿನ ಕಳೆಯಿತು.

ಹತ್ತನೆಯ ದಿನ ಕುಂಬಾರ ಓಣಿಯ ಸೂಲಗಿತ್ತಿ ನನ್ನ ಗಾಡಿ ತಡೆದು ಮೆಲ್ಲಗೆ ಹೇಳಿದಳು, "ಸಾಕಮ್ಮ, ಚಿಕ್ಕತಾಯಮ್ಮನ ಮನೆಗೆ ಒಂದ್ಸಲ ಹೋಗ್ಬಾ. ಸೊಸೆ ಹತ್ತು ದಿನದಿಂದ ನೆಲ ಬಿಟ್ಟು ಎದ್ದಿಲ್ಲ."

ಬಸುರಿಯರನ್ನು ತೂಗಬಾರದು ಎಂಬುದು ನಮ್ಮಲ್ಲಿ ಪದ್ಧತಿ. ದೃಷ್ಟಿಯಾಗುತ್ತದೆ ಎಂದು. ಈ ಕೆಲಸಕ್ಕೆ ಸೇರಿದಾಗಿನಿಂದ ಬಸುರಿ ಇರುವ ಮನೆಯ ಮುಂದೆ ಗಾಡಿಯ ಗಂಟೆ ಕೂಡ ಬಾರಿಸದೆ ಹೋಗುತ್ತಿದ್ದವಳು ನಾನು. ಕಳ್ಳನವರೆಗೂ ಹುಡುಕಿದವಳು, ಎದುರಿಗೇ ಇದ್ದ ಒಂದು ಬಾಗಿಲನ್ನು ಮರ್ಯಾದೆಯಿಂದ ದಾಟಿಕೊಂಡು ಹೋಗಿದ್ದೆ, ಹತ್ತು ಸಲ.

ಊರಿನ ಬೇರೆ ಬಸುರಿಯರೆಲ್ಲ ಹೆರಿಗೆಗೆ ತವರಿಗೆ ಹೋಗಿದ್ದರು. ಚಿಕ್ಕತಾಯಮ್ಮನ ಸೊಸೆ ಜಯಶೀಲಳಿಗೆ ತವರೆಂಬುದಿಲ್ಲ. ತಾಯಿ ಇಲ್ಲ, ಅಣ್ಣತಮ್ಮಂದಿರಿಲ್ಲ. ಗಂಡ ಮಾದೇಶ ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುವವನು. ನಾನು ಹೋದಾಗ ಆಕೆ ನಡುಮನೆಯ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಕಾಲು ನೀಡಿದ್ದಳು. ಮುಖ, ಕೈ, ಕಾಲು ಒಣಗಿದ ಕಡ್ಡಿಯಂತಿದ್ದವು. ಹೊಟ್ಟೆ ಒಂಬತ್ತು ತಿಂಗಳಿಗೆ ಎಷ್ಟಿರಬೇಕೋ ಅಷ್ಟೇ ಇತ್ತು. ಆದರೆ ಚಾಪೆಯ ಕೆಳಗಿನ ಗಾರೆ ನೆಲ ಬಿರಿದಿತ್ತು.

"ಕೈ ಕೊಡವ್ವ," ಎಂದೆ. ಆಕೆಯ ಕೈಯನ್ನು ನನ್ನ ಕೈಯಲ್ಲಿಟ್ಟುಕೊಂಡು ನೋಡಿದೆ. ಹಗುರವಾಗಿತ್ತು. ಎಲ್ಲರಂತೆ ಆಕೆಯೂ ಒಂದು ಮೊಟ್ಟೆಯಷ್ಟು ಹಗುರವಾಗಿದ್ದಳು. ಆಮೇಲೆ ಆಕೆಯ ಒಪ್ಪಿಗೆ ಕೇಳಿ ಹೊಟ್ಟೆಯ ಕೆಳಗೆ ಅಂಗೈ ಇಟ್ಟೆ. ಡಿಪೋದಲ್ಲಿ ಹಸಿ ಹುಣಸೆಮರದ ದಿಮ್ಮಿಯ ಕೆಳಗೆ ಬೆರಳು ಸಿಕ್ಕಿದ ನೆನಪಾಯಿತು.

ಎಲ್ಲರಿಗೂ ಎಂದು ಬರೆದಾಗ ಇನ್ನೂ ಬಾರದೆ ಇದ್ದದ್ದು ಅದೊಂದೇ.

"ಹೆರಿಗೆ ನೋವು ಶುರುವಾದ್ರೆ ಇಬ್ರೂ ಉಳಿಯಲ್ಲ," ಎಂದು ಸೂಲಗಿತ್ತಿ ಹಿತ್ತಲಿನಲ್ಲಿ ನನಗೊಬ್ಬಳಿಗೇ ಹೇಳಿದಳು. "ಒಂದು ವಾರ ಇದೆ, ಇಲ್ಲ ಹತ್ತು ದಿನ."

ಕೇಶವಯ್ಯನವರು ಕೇಳಿ ಕುರ್ಚಿಯಲ್ಲಿ ಕುಸಿದರು. ಆದರೆ ಗಾಬರಿಯಲ್ಲಿ ಮತ್ತೊಂದು ತಪ್ಪು ಮಾಡಿದರು. ನನ್ನ ಮಾತು ಮುಗಿಯುವುದರೊಳಗೆ ಅಚ್ಚಿನ ಮನೆಗೆ ಓಡಿ, ಶನಿವಾರದ ಪತ್ರಿಕೆಯಲ್ಲಿ 'ಭಾರ ಬಿದ್ದವರು: ಜಯಶೀಲ, ಕುಂಬಾರ ಓಣಿ' ಎಂದು ಹಾಕಿಬಿಟ್ಟರು. ಜನ ಬಂದರು. ನೂರೈವತ್ತು ಜನ ಸಾಲಾಗಿ ಬಂದು ಆಕೆಯ ಕೈಗೆ ಕೈಯಾನಿಸಿದರು. ಏನೂ ಆಗಲಿಲ್ಲ. ಆಗುವುದಾದರೂ ಹೇಗೆ? ಭಾರ ಅವಳದ್ದಲ್ಲ. "ನಾವು ಬಂದ್ವಿ, ಮಾಡೋದು ಮಾಡಿದ್ವಿ, ಅವಳ ಹಣೇಲಿ ಇಲ್ಲ," ಎಂದುಕೊಂಡು ಸಾಲಿನ ಹಿಂದಿನವರು ಬಾಗಿಲಿನಿಂದಲೇ ತಿರುಗಿದರು. ಎದುರು ಮನೆಯ ತಿಮ್ಮಾಜಮ್ಮ ಹೊಸ್ತಿಲು ಕೂಡ ಇಳಿಯಲಿಲ್ಲ. "ಒಂದು ಮೊಟ್ಟೆ ತೂಕಕ್ಕೆ ಇಷ್ಟು ಜನ ಮೈಲಿಗೆ ಮಾಡ್ಕೊಂಡು ನಿಲ್ಬೇಕಾ? ನಾನೊಬ್ಬಳು ಹೋಗದಿದ್ರೆ ಏನು ಕೊಳ್ಳೆ ಹೋಗುತ್ತೆ," ಎಂದಳು. ಆಕೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಒಬ್ಬಳ ಲೆಕ್ಕಕ್ಕೆ ಅದು ಒಂದು ಮೊಟ್ಟೆಯೇ.

ಆ ಸಂಜೆ ಕೇಶವಯ್ಯನವರೂ ನಾನೂ ಆ ಮನೆಗೆ ಹೋದೆವು. ಅವರು ಚಪ್ಪಲಿ ಬಿಟ್ಟು ಬಾಗಿಲ ಬಳಿಯೇ ನೆಲದ ಮೇಲೆ ಕೂತರು.

"ಹೆಸರು ಬೇಕು ತಾಯಿ," ಎಂದರು ಚಿಕ್ಕತಾಯಮ್ಮನಿಗೆ. "ಮಗೂದು. ಹೆಸರಿಲ್ಲದೆ ನಾನು ಏನು ಅಚ್ಚು ಹಾಕಿದ್ರೂ ಬರೀ ಕಾಗದ."

ಚಿಕ್ಕತಾಯಮ್ಮ ಕಂಬ ಹಿಡಿದು ನಿಂತಿದ್ದಳು. ಹುಟ್ಟುವ ಮುಂಚೆ ಹೆಸರಿಡಬಾರದು ಎಂಬುದು ನಮ್ಮೂರಿನಲ್ಲಿ ಬೇರೆ ಯಾವ ಮಾತಿಗಿಂತಲೂ ಗಟ್ಟಿಯಾದ ಮಾತು. "ಬರೆಯೋಕೆ ಮುಂಚೆ ಬೇಕಿತ್ತು ಈ ಬುದ್ಧಿ," ಎಂದಳು. "ಎಲ್ರಿಗೂ ಅಂತೆ, ಎಲ್ರಿಗೂ! ನೀವು ಊರು ಎಣಿಸ್ತಾ ನನ್ನ ಮನೆ ಬಾಗಿಲಿಗೆ ಬಂದು ಒಂದ್ಸಲ ಕೇಳಿದ್ರಾ, ನಿಮ್ಮನೇಲಿ ಎಷ್ಟು ಜನ ಅಂತ?"

"ಇಲ್ಲ ತಾಯಿ."

"ಕೇಳಿದ್ರೆ ನಾನು ನಾಲ್ಕು ಅಂತಿದ್ದೆ."

ಕೇಶವಯ್ಯನವರು ತಲೆ ತಗ್ಗಿಸಿದರು. ನಾನು ಚಿಕ್ಕತಾಯಮ್ಮನ ಪಕ್ಕಕ್ಕೆ ಹೋಗಿ, "ಅಕ್ಕಾ, ಪದ್ಧತಿ ನಾನೂ ಬಲ್ಲೆ. ಪದ್ಧತಿ ಅಂತಾನೇ ನಾನು ಹತ್ತು ದಿನ ಈ ಬಾಗಿಲಿಗೆ ಬರಲಿಲ್ಲ. ಬಂದಿದ್ರೆ ಆಗ್ಲೇ ಗೊತ್ತಾಗ್ತಿತ್ತು," ಎಂದೆ.

"ನಿಂಗೆ ಗೊತ್ತಿಲ್ಲ ಸಾಕಮ್ಮ," ಎಂದಳು ಆಕೆ. ದನಿ ಇಳಿದಿತ್ತು. "ನನ್ನ ಮೊದಲನೇದಕ್ಕೆ ಆಸೆ ತಡೀಲಾರದೆ ಹೊಟ್ಟೇಲಿದ್ದಾಗ್ಲೇ ಹೆಸರಿಟ್ಟಿದ್ದೆ. ಯಾರಿಗೂ ಹೇಳಿರ್ಲಿಲ್ಲ. ಹೆಸರು ಉಳೀತು, ಮಗು ಉಳೀಲಿಲ್ಲ. ಮೂವತ್ತೈದು ವರ್ಷ ಆಯ್ತು, ನಾನೇ ಕೊಂದೆ ಅನ್ಕೊಂಡು ಬದುಕಿದೀನಿ. ಇದಕ್ಕೂ ಅದೇ ಮಾಡಲಾ?"

ಮಾದೇಶ ಗಿರಣಿಯ ಹಿಟ್ಟು ಮೆತ್ತಿದ ಕೈಯಲ್ಲೇ ಮೂಲೆಯಲ್ಲಿ ನಿಂತಿದ್ದ. ಆಗ ಗೋಡೆಗೆ ಒರಗಿದ್ದ ಜಯಶೀಲ ಬಾಯಿ ತೆರೆದಳು. ಉಸಿರು ಕೂಡಿಸಿ ಕೂಡಿಸಿ ಮಾತಾಡಬೇಕಿತ್ತು ಆಕೆ.

"ಅತ್ತೆ, ಹೆಸರು ಇಟ್ಟಾಗಿದೆ."

ಚಿಕ್ಕತಾಯಮ್ಮ ತಿರುಗಿ ನೋಡಿದಳು.

"ಐದನೇ ತಿಂಗಳಿಂದ ಕರೀತಿದೀನಿ. ಮೊದಲನೇ ಸಲ ಒದ್ದಾಗ, ಸುಮ್ನಿರು ದೊರೆ ಅಂದೆ. ಆಮೇಲೆ ಹಾಗೇ ಬಾಯಿಗೆ ಬಂತು. ನೀರು ಕುಡೀತೀಯಾ ದೊರೆ, ಮಲಕ್ಕೋ ದೊರೆ. ಯಾರು ಕರೆಯಲ್ಲ ಹೇಳಿ? ನೀವೂ ಕರೆದ್ರಿ, ನಿಮ್ಮಮ್ಮಾನೂ ಕರೆದಿರ್ತಾರೆ. ಕರೆದೋರ ಮಕ್ಕಳೆಲ್ಲ ಸತ್ರೆ ಈ ಊರಲ್ಲಿ ಯಾರಿರ್ತಿದ್ರು?" ಸ್ವಲ್ಪ ಹೊತ್ತು ಸುಧಾರಿಸಿಕೊಂಡಳು. "ನೀವು ಕೊಂದಿಲ್ಲ ಅತ್ತೆ."

ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಹೋದಳು. ಬೇಡ ಎನ್ನಲಿಲ್ಲ. ಹೂಂ ಎಂದೂ ಹೇಳಲಿಲ್ಲ. ನಾನು ಕೇಶವಯ್ಯನವರ ಕಡೆ ನೋಡಿದೆ. ಅವರಾಗಲೇ ಚಪ್ಪಲಿ ಮೆಟ್ಟುತ್ತಿದ್ದರು.

ಬುಧವಾರದವರೆಗೆ ಕಾಯಲಿಲ್ಲ. ನಮ್ಮ ಪತ್ರಿಕೆ ಭಾನುವಾರ ಬಂದದ್ದು ಅದೊಂದೇ ಸಲ. ಒಂದೇ ಹಾಳೆ. ಮೇಲೆ ಕಲ್ಲುಬಾವಿಯ ಹಳೆ ಸುದ್ದಿಯನ್ನು ಪೂರ್ತಿ ಮತ್ತೆ ಹಾಕಿ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ: 'ಭಾರ ಬಿದ್ದವರು: ದೊರೆ, ಕುಂಬಾರ ಓಣಿ, ಮೂರನೇ ಮನೆ. ಇನ್ನೂ ಹುಟ್ಟಿಲ್ಲ.' ಮತ್ತೊಂದು ಸಾಲನ್ನು ಕೇಶವಯ್ಯನವರು ತಾವೇ ಅಚ್ಚಿನ ಮೊಳೆ ಜೋಡಿಸಿದ್ದರು: 'ಎಲ್ಲರಿಗೂ ಎಂದು ಬರೆದದ್ದು ತಪ್ಪು. ಬರೆದವನು ನಾನು.'

ಮೊದಲು ಬಂದವರು ಅವರೇ. ಸೂಲಗಿತ್ತಿ ತೋರಿಸಿದಂತೆ, ಜನರ ಕೈ ಜಯಶೀಲಳ ಹೊಟ್ಟೆಗೆ ಸೋಕದ ಹಾಗೆ ಒಂದು ಮಡಿ ಸೀರೆಯನ್ನು ಅದರ ಕೆಳಗಿನಿಂದ ಹಾಯಿಸಿ, ಅದರ ಎರಡೂ ತುದಿಯನ್ನು ಬಾಗಿಲಾಚೆಗೆ ಬಿಟ್ಟಿದ್ದೆವು. ಕೇಶವಯ್ಯನವರು ತುದಿಯನ್ನು ಅಂಗೈ ಮೇಲಿಟ್ಟುಕೊಂಡರು. ಕಣ್ಣು ಮುಚ್ಚಿದರು. ಒಂದು ಗಳಿಗೆಯ ಮೇಲೆ ಅವರ ಭುಜ ಕೂದಲೆಳೆಯಷ್ಟು ಇಳಿಯಿತು. ನನ್ನ ಕಣ್ಣಿಗೆ ಕಾಣಿಸಿತು. ಒಳಗಿನಿಂದ ಜಯಶೀಲ, "ಹ್ಞಾ," ಎಂದಳು.

ಜನ ಬಂದರು. ಬೆಳಿಗ್ಗೆ ನೂರು, ಮಧ್ಯಾಹ್ನದ ಹೊತ್ತಿಗೆ ಮುನ್ನೂರು. ಇನ್ನೂ ಹುಟ್ಟಿಲ್ಲ ಎಂಬ ಮಾತು ಓದಿ ಬಂದವರೇ ಹೆಚ್ಚು. ಕಡಲೆಪುರಿ ಮುನಿಸ್ವಾಮಿ ಅಂಗಡಿ ಮುಚ್ಚಿ ಬಂದ. ಜೈಲಿನ ಕಳ್ಳನನ್ನು ಪೊಲೀಸಿನವನು ಕರೆತಂದ, ಇಬ್ಬರೂ ಕೈಯಾನಿಸಿ ಹೋದರು. ನಾನು ಸೀರೆಯ ತುದಿ ಹಿಡಿದಾಗ ಮಂಡಿಗೆ ಹಳೆಯ ನೋವು ಮರಳಿತು, ಜೊತೆಗೆ ಸ್ವಲ್ಪ ಸಮಾಧಾನವೂ. ಮಂಗಳವಾರ ಸಂಜೆ ಜಯಶೀಲ ಗೋಡೆ ಹಿಡಿದು ಎದ್ದು ನಿಂತಳು. ಅಷ್ಟರಲ್ಲಿ ಹೆಚ್ಚುಕಡಿಮೆ ಒಂಬೈನೂರು ಜನ ಬಂದು ಹೋಗಿದ್ದರು. ಆಮೇಲೆ ಓಣಿ ಖಾಲಿಯಾಯಿತು. ಉಳಿದ ಮುನ್ನೂರು ಜನ ಬರಲಿಲ್ಲ. ಕೆಲವರಿಗೆ ಪುರುಸೊತ್ತಿರಲಿಲ್ಲ, ಕೆಲವರಿಗೆ ತಮ್ಮೊಂದು ಮೊಟ್ಟೆಯಿಂದ ಏನಾಗಬೇಕು ಎಂಬ ಸಸಾರ, ಕೆಲವರಿಗೆ ಹಗುರವಾಗಿರುವುದು ರೂಢಿಯಾಗಿತ್ತು. ತಿಮ್ಮಾಜಮ್ಮ ಮೂರು ದಿನವೂ ತನ್ನ ಬಾಗಿಲಲ್ಲಿ ನಿಂತು ಸಾಲು ನೋಡಿದಳೇ ಹೊರತು ಓಣಿ ದಾಟಲಿಲ್ಲ.

ಗುರುವಾರ ಬೆಳಿಗ್ಗೆ ಹೆರಿಗೆಯಾಯಿತು. ಹೆಣ್ಣು ಮಗು. ತಾಯಿ ತುಂಬ ನೊಂದಳು, ಆದರೆ ಉಳಿದಳು. ಮಗು ಅತ್ತಿತು. ನೋಡಲು ಎಲ್ಲ ಮಕ್ಕಳಂತೆ ಒಂದು ಹಿಡಿಯಷ್ಟೇ. ಸೂಲಗಿತ್ತಿ ಒಬ್ಬಳೇ ಎತ್ತಲು ಹೋಗಿ, "ಅಮ್ಮಾ!" ಎಂದು ಕೂತುಬಿಟ್ಟಳು. ಬಾರದವರ ಹದಿನೈದು ಕಿಲೋ ಅದರ ಮೈಯಲ್ಲೇ ಇತ್ತು.

ಹಾಲೂಡಿಸಲು ಜಯಶೀಲ ಕೈ ಚಾಚಿದಳು. ಎತ್ತಿಕೊಳ್ಳಲಾಗಲಿಲ್ಲ. ಹೆತ್ತ ತಾಯಿ ತನ್ನ ಮಗುವನ್ನು ಎತ್ತಿಕೊಳ್ಳಲಾಗದೆ ಅದರ ಮುಂದೆ ಕೈ ಚಾಚಿ ಕೂತಳು. ಚಿಕ್ಕತಾಯಮ್ಮ ಬಂದು ಪಕ್ಕದಲ್ಲಿ ಮಂಡಿಯೂರಿದಳು.

"ತಲೆ ಕಡೆ ನೀನು ಹಿಡಿ, ಈ ಕಡೆ ನಾನು ಹಿಡೀತೀನಿ," ಎಂದಳು. ಆಮೇಲೆ ಮಗುವಿನ ಕಿವಿಯ ಹತ್ತಿರ ಬಗ್ಗಿ, "ಬಾ ದೊರೆ," ಎಂದಳು. ಇಬ್ಬರೂ ಸೇರಿ ಎತ್ತಿದರು.

ಹನ್ನೊಂದು ದಿನ ಹಾಗೆಯೇ ನಡೆಯಿತು. ಮನೆ ಮನೆಗೆ ಹೋಗಿ ಬೇಡಿಕೊಳ್ಳಲೇ ಎಂದು ನಾನು ಕೇಳಿದೆ. "ಬೇಡ್ಬೇಡ," ಎಂದಳು ಚಿಕ್ಕತಾಯಮ್ಮ. "ಭಾರ ಹೊರೋಕೆ ಬನ್ನಿ ಅಂದ್ರೆ ಯಾರು ಬರ್ತಾರೆ?" ಪುಣ್ಯಾರ್ಚನೆ ಮುಗಿದ ಮಾರನೆಯ ದಿನ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಮುದುಕಿ ಸೊಸೆಯ ಸಹಾಯದಿಂದ ಮಗುವನ್ನು ಜಗುಲಿಗೆ ತಂದು, ಬಿಸಿಲಿಗೆ ಹಾಸಿದ ಕಂಬಳಿಯ ಮೇಲೆ ಮಲಗಿಸಿದಳು. ಎಣ್ಣೆ ಹಚ್ಚಿದಳು. ಎದುರು ಬಾಗಿಲಲ್ಲಿ ತಿಮ್ಮಾಜಮ್ಮ ನಿಂತಿದ್ದಳು.

"ಏ ತಿಮ್ಮಾಜಿ," ಎಂದು ಚಿಕ್ಕತಾಯಮ್ಮ ಕೂಗಿದಳು, ದಿನವೂ ಕೂಗುವವಳಂತೆ. "ಒಲೆ ಮೇಲೆ ನೀರು ಉಕ್ತಿದೆ ಕಣೇ. ಕೂಸನ್ನ ಒಂಚೂರು ಎತ್ಕೊಂಡಿರ್ತೀಯಾ?"

ತಿಮ್ಮಾಜಮ್ಮ ಓಣಿಯ ಆಚೆ ಈಚೆ ನೋಡಿದಳು. ಮಗು ಕೈಕಾಲು ಆಡಿಸುತ್ತಿತ್ತು. "ಅಯ್ಯೋ, ಎಣ್ಣೆ ಕೂಸನ್ನ ಹಾಗೆ ಗಾಳೀಲಿ ಬಿಡ್ತಾರಾ, ಬುದ್ಧಿ ಇಲ್ದೋರು," ಎನ್ನುತ್ತ ಓಣಿ ದಾಟಿ ಬಂದಳು. ಸೆರಗು ಸಿಕ್ಕಿಸಿಕೊಂಡು ಬಗ್ಗಿದಳು. ಎರಡೂ ಕೈ ಕೆಳಗೆ ಹಾಕಿ ಎತ್ತಿದಳು; ಅದೂ ಕೈಯಾನಿಸುವುದೇ. ಅರ್ಧಕ್ಕೆ ತಡೆದು ನಿಂತಳು. ಆಕೆಯ ಮುಖದ ಬಣ್ಣ ಹೋಯಿತು. ನನ್ನ ಕಡೆ ನೋಡಿದಳು, ಆಮೇಲೆ ಒಳಗೆ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದ ಜಯಶೀಲಳ ಕಡೆ ನೋಡಿದಳು.

"ಇಷ್ಟಾ?" ಎಂದಳು ಮೆಲ್ಲಗೆ.

ತಿಮ್ಮಾಜಮ್ಮ ತುಟಿ ಕಚ್ಚಿ, ಕಾಲು ಅಗಲಿಸಿ ನಿಂತು, ಮಗುವನ್ನು ಎದೆಯವರೆಗೆ ಎತ್ತಿ ಒತ್ತಿಕೊಂಡಳು. ಒಲೆಯ ಮೇಲಿನ ನೀರು ಇಳಿಸಿ ಚಿಕ್ಕತಾಯಮ್ಮ ಹೊರಗೆ ಬಂದು ಕೈ ಚಾಚಿದರೂ ಆಕೆ ಕೊಡಲಿಲ್ಲ. ಮಗುವನ್ನು ಎತ್ತಿಕೊಂಡೇ ಓಣಿಯ ನಡುವಿಗೆ ಇಳಿದು, ಪಕ್ಕದ ಮನೆಯ ಬಾಗಿಲ ಮುಂದೆ ನಿಂತು ಕೂಗಿದಳು:

"ಯಾರೇ ಒಳಗೆ? ಬನ್ರೇ ಹೊರಗೆ, ಕೂಸನ್ನ ಎತ್ಕೊಳ್ಳಿ ಬನ್ನಿ!"